ಕೆಳದಿಯ ಕೊನೆಯ ರಾಣಿಯೂ ನಮ್ಮ ನಾಲಗೆಯೂ



ಬಳ್ಳಾರಿಯ ಕೋಟೆಗುಡ್ಡದ ಬಗ್ಗೆ ಹಿರಿಯರು ಹೇಳುವ ಕತೆಯನ್ನು ನೀವೂ ಕೇಳಿರುತ್ತೀರಿ. ಹೈದರಾಲಿ ಕೋಟೆಯನ್ನು ಬಲಪಡಿಸಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ನೇಮಿಸಿದನಂತೆ. ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರವೆಂದು ಆಮೇಲೆ ತಿಳಿದು, ಅವನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ನಿಜವೋ ಅಲ್ಲವೋ, ಕತೆ ಬಾಯಿಂದ ಬಾಯಿಗೆ ಬಂದು ಉಳಿದಿದೆ. ಇದೇ ಹೈದರಾಲಿ ಬಳ್ಳಾರಿಗೆ ಬರುವ ಹತ್ತು ಹನ್ನೆರಡು ವರ್ಷ ಮೊದಲು ಒಬ್ಬ ವಿಧವೆಯ ರಾಜ್ಯವನ್ನು ಗೆದ್ದಿದ್ದ. ಆಕೆಯ ಬಗ್ಗೆಯೂ ಒಂದು ಕತೆ ಹೀಗೆಯೇ ಉಳಿದಿದೆ. ಆಕೆ ಕೆಳದಿಯ ಕೊನೆಯ ರಾಣಿ ವೀರಮ್ಮಾಜಿ.

ಕೆಳದಿಯ ಮನೆತನ ಸುಮಾರು 1500ರಿಂದ ಮಲೆನಾಡು, ಕರಾವಳಿಗಳನ್ನು ಆಳಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ ಇದೇ ಮನೆತನದ ರಾಣಿ. 1750ರ ದಶಕದ ಮಧ್ಯದಲ್ಲಿ ಬಸಪ್ಪ ನಾಯಕ ತೀರಿಕೊಂಡಾಗ ರಾಜ್ಯಭಾರ ಅವನ ಹೆಂಡತಿ ವೀರಮ್ಮಾಜಿಯ ಹೆಗಲಿಗೆ ಬಿತ್ತು. ದತ್ತುಮಗ ಚೆನ್ನಬಸಪ್ಪನೂ ಕೆಲವೇ ವರ್ಷಗಳಲ್ಲಿ ಇಲ್ಲವಾದ. ರಾಣಿ ಸೋಮಶೇಖರನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ಆಳ್ವಿಕೆ ಮುಂದುವರಿಸಿದಳು.

ಅಷ್ಟರಲ್ಲಿ ಗುಸುಗುಸು ಹಬ್ಬಿತು. ರಾಣಿಗೆ ಪರಪುರುಷನ ಸಂಗವಿದೆ, ಅದನ್ನು ಆಕ್ಷೇಪಿಸಿದ ಚೆನ್ನಬಸಪ್ಪನನ್ನು ಅವಳೇ ಕೊಲ್ಲಿಸಿದಳು ಎಂದು ಜನ ಆಡಿಕೊಂಡರು. ತಾನೇ ಆ ಚೆನ್ನಬಸಪ್ಪ, ಸಾವಿನಿಂದ ಪಾರಾಗಿ ಬಂದೆ ಎನ್ನುವ ತರುಣನೊಬ್ಬನೂ ಕಾಣಿಸಿಕೊಂಡ. ಅವನನ್ನು ಹೈದರನ ಬಳಿಗೆ ಕರೆತಂದವನು ನೆರೆಯ ಚಿತ್ರದುರ್ಗದ ಪಾಳೆಯಗಾರ. ನ್ಯಾಯವಾದ ಅರಸನಿಗೆ ಸಿಂಹಾಸನ ಕೊಡಿಸುವ ನೆಪದಲ್ಲಿ ಹೈದರನ ಸೈನ್ಯ 1763ರ ಆರಂಭದಲ್ಲಿ ರಾಜಧಾನಿ ಬಿದನೂರಿಗೆ ಬಂತು. ಕೋಟೆಗೆ ಗುಟ್ಟಿನ ದಾರಿ ತೋರಿಸಿದವನು ರಾಣಿಯ ಮಾಜಿ ಮಂತ್ರಿ. ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು, ಅಲ್ಲಿ ಸೆರೆಸಿಕ್ಕಳು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಗೆದ್ದ ಮೇಲೆ ಹೈದರನು ಆ ತರುಣನನ್ನು ಸಿಂಹಾಸನದ ಮೇಲೆ ಕೂರಿಸಿದನೇ? ಇಲ್ಲ. ರಾಣಿ ಮತ್ತು ಅವಳ ದತ್ತುಮಗನ ಜೊತೆಗೆ ಅವನನ್ನೂ ಮಧುಗಿರಿ ಕೋಟೆಯಲ್ಲಿ ಸೆರೆಯಲ್ಲಿಟ್ಟನು. ಬಿದನೂರು ‘ಹೈದರ್‌ನಗರ’ವಾಯಿತು, ಅದೇ ಇಂದಿನ ನಗರ. ಅಪವಾದದ ಕೆಲಸ ಮುಗಿದಿತ್ತು. ಚಿತ್ರದುರ್ಗಕ್ಕೂ ಲಾಭವಾಗಲಿಲ್ಲ, 1779ರಲ್ಲಿ ಅದೂ ಹೈದರನ ಪಾಲಾಯಿತು.

1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಗೆದ್ದಾಗ ರಾಣಿಗೆ ಬಿಡುಗಡೆಯಾಯಿತು. ಆದರೆ ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡಳು. ಅಪವಾದ ಮಾತ್ರ ಸಾಯಲಿಲ್ಲ. 1810ರಲ್ಲಿ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿಯ ಮೈಸೂರು ಇತಿಹಾಸದಲ್ಲಿ ಅಚ್ಚಾಗಿ ಲೋಕಕ್ಕೆಲ್ಲ ಹರಡಿತು.

ದಾನಿಯೇಲನ ಗ್ರಂಥದ ಸುಸನ್ನಳನ್ನು ನೆನೆಯಿರಿ. ಅವಳ ಮೇಲೂ ಇಂಥದೇ ಅಪವಾದ ಬಂತು. ಸಭೆ ನಂಬಿತು, ಮರಣದಂಡನೆಯನ್ನೂ ವಿಧಿಸಿತು. ದಾನಿಯೇಲನೊಬ್ಬ ಎದ್ದುನಿಂತು ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆಯಾಗಿ ಕೇಳಿದ, ‘ಯಾವ ಮರದ ಕೆಳಗೆ?’ ಎಂದು. ಆ ಒಂದು ಪ್ರಶ್ನೆ ಅವಳ ಪ್ರಾಣ ಉಳಿಸಿತು. ವೀರಮ್ಮಾಜಿಯ ಪರವಾಗಿ ಅಂಥ ಪ್ರಶ್ನೆ ಕೇಳುವವರು ಮುಂದೆ ಬರಲಿಲ್ಲ.

ಅರಮನೆಯ ಮಾತು ನಮಗೇಕೆ ಎನ್ನಬೇಡಿರಿ. ಸಿರುಗುಪ್ಪದಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಭತ್ತದ ಗದ್ದೆಯನ್ನು ತಾನೇ ನಡೆಸುತ್ತಾಳೆ ಎನ್ನೋಣ. ನಾಟಿಗೆ ಆಳು ಕರೆಯಬೇಕು, ಅಕ್ಕಿ ಗಿರಣಿಯವರೊಡನೆ ದರ ಮಾತಾಡಬೇಕು. ಯಾರೋ ಒಮ್ಮೆ ಮನೆಬಾಗಿಲಲ್ಲಿ ನಿಂತಿದ್ದನ್ನು ಇನ್ಯಾರೋ ನೋಡುತ್ತಾರೆ. ಆ ಮಾತು ಕುರುಗೋಡಿನ ಮದುವೆಮನೆ ಮುಟ್ಟುವಾಗ ಎರಡಾಗಿರುತ್ತದೆ, ಬಳ್ಳಾರಿಯ ನೆಂಟರ ಮನೆ ಸೇರುವಾಗ ನಾಲ್ಕಾಗಿರುತ್ತದೆ. ಕೊನೆಗೆ ‘ಮನೆತನದ ಮಾನ ಉಳಿಸಬೇಕು’ ಎನ್ನುತ್ತ ಗದ್ದೆಯ ಪತ್ರ ಕೇಳಲು ಮೈದುನ ಬರುತ್ತಾನೆ. ಮಾತು ಹಬ್ಬಿಸಿದವರು ಗದ್ದೆ ಕೇಳಿರಲಿಲ್ಲ. ಆದರೂ ದಾರಿ ಮಾಡಿಕೊಟ್ಟವರು ಅವರೇ.

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ನ್ಯಾಯಾಲಯಕ್ಕೆ ಮಾತ್ರವಲ್ಲ, ನಮ್ಮ ಜಗುಲಿಗೂ ಅನ್ವಯಿಸುತ್ತದೆ. ಕೇಳಿದ್ದನ್ನು ದಾಟಿಸುವವನೂ ಸಾಕ್ಷಿಯೇ.

ಈ ವಾರ ಮನೆಮಂದಿಯೆಲ್ಲ ಕೂಡಿ ಯೋಚಿಸಲು:

1. ಒಬ್ಬರ ಬಗ್ಗೆ ಕೆಟ್ಟ ಮಾತು ಕೇಳಿದಾಗ ‘ನೀವು ಕಣ್ಣಾರೆ ಕಂಡಿರಾ?’ ಎಂದು ಕೇಳುವ ಧೈರ್ಯ ನಮಗಿದೆಯೇ?
2. ಈ ಮಾತಿನಿಂದ ಯಾರಿಗೆ ಲಾಭವೆಂದು ಯೋಚಿಸುತ್ತೇವೆಯೇ?
3. ಆಸರೆಯಿಲ್ಲದೆ ಮನೆ ನಡೆಸುವ ಒಬ್ಬ ತಾಯಿಗೆ ಈ ವಾರ ನಾವು ಯಾವ ನೆರವು ನೀಡಬಹುದು?