ಬುದ್ಧಿಮಾತಿಗಿಂತ ಮೊದಲು ಆಲಿಸುವುದು: ಕಾರ್ಲ್ ರೋಜರ್ಸ್ ಅವರ ಕೆಲಸದಿಂದ ಪ್ರಶಿಕ್ಷಣಾರ್ಥಿಗೊಂದು ಪಾಠ

ಪೀಠಿಕೆ

ಬೋಧನಾಭ್ಯಾಸದ 3ನೇ ವಾರ ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಘಟಕ ಮುಗಿಸಿ ಕಿರುಪರೀಕ್ಷೆ ಕೊಟ್ಟೆ. ಓಮ್‌ನ ನಿಯಮದ ಪ್ರಯೋಗದ ದಿನ ಎಲ್ಲರಿಗಿಂತ ಮೊದಲು ಮಂಡಲ ಜೋಡಿಸಿದ್ದ ಹುಡುಗ ಖಾಲಿ ಹಾಳೆ ಕೊಟ್ಟಿದ್ದ. ವಿರಾಮದಲ್ಲಿ ಕರೆದು ಬುದ್ಧಿ ಹೇಳಿದೆ. ಸಂಜೆ ಆ ಮಾತುಕತೆಯನ್ನು ನೆನಪಿಸಿಕೊಂಡು ದಿನಚರಿಯಲ್ಲಿ ಬರೆದಾಗ ನನ್ನವು 11 ವಾಕ್ಯ, ಅವನವು 2. ಆ ಎರಡೂ ‘ಹೂಂ ಮಿಸ್’. ಮರುದಿನ ಅವನು ಹಿಂದಿನ ಬೆಂಚಿಗೆ ಹೋಗಿ ಕುಳಿತ.

ಮಾರ್ಗದರ್ಶನ ಮತ್ತು ಸಮಾಲೋಚನೆ ವಿಷಯದಲ್ಲಿ ‘ಅನಿರ್ದೇಶಿತ ಸಮಾಲೋಚನೆ – ರೋಜರ್ಸ್’ ಎಂದು ಪರೀಕ್ಷೆಗೆ ಓದಿದ್ದೆವು. ಈ ಘಟನೆಯ ನಂತರ ಅದನ್ನು ಮತ್ತೆ ಓದಿದೆ.

ರೋಜರ್ಸ್ ಅವರ ಹಿನ್ನೆಲೆ

1902ರಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ಹುಟ್ಟಿದ ರೋಜರ್ಸ್ ಕಾಲೇಜಿಗೆ ಸೇರಿದ್ದು ಕೃಷಿ ವಿಜ್ಞಾನ ಓದಲು. ಮುಂದೆ ಇತಿಹಾಸದ ಪದವಿ ಪಡೆದು, ಧರ್ಮಶಾಸ್ತ್ರದ ಶಾಲೆಗೆ ಹೋಗಿ, ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಮನೋವಿಜ್ಞಾನಕ್ಕೆ ಬಂದರು. ನಮ್ಮಂತೆ ಅವರೂ ಶಿಕ್ಷಕರ ಕಾಲೇಜಿನ ವಿದ್ಯಾರ್ಥಿ.

1928ರಿಂದ 12 ವರ್ಷ ರೋಚೆಸ್ಟರ್ ನಗರದಲ್ಲಿ ತೊಂದರೆಯಲ್ಲಿದ್ದ ಮಕ್ಕಳೊಂದಿಗೆ ಕೆಲಸ ಮಾಡಿದರು. ಅಲ್ಲಿನ ಒಂದು ಅನುಭವವನ್ನು ಅವರೇ ಬರೆದಿದ್ದಾರೆ. ಮಗನ ವರ್ತನೆಗೆ ತಾಯಿಯ ತಿರಸ್ಕಾರವೇ ಕಾರಣ ಎಂದು ಅವರು ಆಕೆಗೆ ಹಲವು ಭೇಟಿಗಳಲ್ಲಿ ತಿಳಿಹೇಳಿದರು. ಪ್ರಯೋಜನವಾಗಲಿಲ್ಲ. ಇಲ್ಲಿಗೆ ನಿಲ್ಲಿಸೋಣ ಎಂದು ಇಬ್ಬರೂ ಒಪ್ಪಿದರು. ಬಾಗಿಲವರೆಗೆ ಹೋದ ತಾಯಿ ತಿರುಗಿ, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಉಂಟೇ ಎಂದು ಕೇಳಿದರು. ಮತ್ತೆ ಕುಳಿತು ತಮ್ಮ ದಾಂಪತ್ಯದ ನೋವನ್ನು ಹೇಳಿಕೊಂಡರು. ನೋವು ಎಲ್ಲಿದೆ ಎಂಬುದು ನೊಂದವರಿಗೇ ಗೊತ್ತು ಎಂಬ ಅರಿವು ರೋಜರ್ಸ್‌ಗೆ ಅಲ್ಲಿ ಮೂಡಿತು.

ವಿಶ್ವವಿದ್ಯಾಲಯದ ಸಮಾಲೋಚನಾ ಕೇಂದ್ರ

1940ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಅವರು ಸಮಾಲೋಚನೆಯ ಮಾತುಗಳನ್ನು ಧ್ವನಿಮುದ್ರಿಸಿ ಅಧ್ಯಯನಕ್ಕೆ ಒಳಪಡಿಸಿದರು. 1942ರ ಪುಸ್ತಕದಲ್ಲಿ ಒಬ್ಬ ಸಲಹಾರ್ಥಿಯ 8 ಭೇಟಿಗಳ ಪೂರ್ಣ ಸಂಭಾಷಣೆಯನ್ನು, ಹೆಸರು ಬದಲಿಸಿ, ಅಚ್ಚು ಹಾಕಿಸಿದರು. ಸಮಾಲೋಚಕ ಎಲ್ಲಿ ಅವಸರಪಟ್ಟ ಎಂಬುದನ್ನು ಯಾರು ಬೇಕಾದರೂ ನೋಡಬಹುದಾಯಿತು.

1945ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಲೋಚನಾ ಕೇಂದ್ರ ಕಟ್ಟಿ 1957ರವರೆಗೆ ಅಲ್ಲಿದ್ದರು. ವಿದ್ಯಾರ್ಥಿಗಳೂ ಊರಿನವರೂ ಅಲ್ಲಿಗೆ ಬರುತ್ತಿದ್ದರು. ಬಂದವರನ್ನು ಅವರು ‘ರೋಗಿ’ ಎನ್ನಲಿಲ್ಲ. ಸಮಾಲೋಚಕನಲ್ಲಿ ಮೂರು ಗುಣ ಇರಬೇಕೆಂದರು: ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಗೌರವ, ಎದುರಿನವರ ಜಾಗದಲ್ಲಿ ನಿಂತು ಅರಿಯುವ ಪರಾನುಭೂತಿ.

ತರಗತಿಯಲ್ಲಿ ಅನ್ವಯ

ನನ್ನ 11 ವಾಕ್ಯಗಳನ್ನು ಈ ಮೂರರ ಎದುರು ಇಟ್ಟು ನೋಡಿದೆ. ‘ಬುದ್ಧಿವಂತ ನೀನು, ಹೀಗೆ ಮಾಡಬಹುದಾ?’ ಎಂದದ್ದು ಗೌರವದಂತೆ ಕೇಳಿದರೂ ಅದರಲ್ಲಿ ಷರತ್ತಿತ್ತು. ಮುಂದಿನ ವಾರ ಉಪಕರಣ ಜೋಡಿಸಲು ಅವನನ್ನು ಕರೆದೆ. ತಂತಿ ಸುತ್ತುತ್ತಾ, ‘ಅವತ್ತು ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಏನಾಯ್ತು?’ ಎಂದಷ್ಟೇ ಕೇಳಿ ಸುಮ್ಮನಾದೆ. ಸುಮ್ಮನಿರುವುದು ಪಾಠ ಮಾಡುವುದಕ್ಕಿಂತ ಕಷ್ಟವಾಯಿತು.

‘ಕೈ ನಡುಗುತ್ತೆ ಮಿಸ್. ಗೊತ್ತಿರೋದೂ ಮರೆತುಹೋಗುತ್ತೆ.’

‘ಗೊತ್ತಿದ್ದೂ ಬರೆಯೋಕೆ ಆಗಲ್ಲ.’

‘ಹೌದು ಮಿಸ್. ಆಮೇಲೆ ಎಲ್ಲರೂ ಓದಿಲ್ಲ ಅಂತಾರೆ.’

ಆ ‘ಎಲ್ಲರೂ’ ಎಂಬುದರಲ್ಲಿ ನಾನೂ ಇದ್ದೆ. ಮುಂದಿನ ಕಿರುಪರೀಕ್ಷೆಗೆ ಮೊದಲು ಮಂಡಲದ ಚಿತ್ರ ಬಿಡಿಸಿ ಆಮೇಲೆ ಉತ್ತರ ಶುರು ಮಾಡುತ್ತೇನೆ ಎಂದು ಅವನೇ ಹೇಳಿದ. ಅರ್ಧ ಹಾಳೆ ಬರೆದ. ಮಾರ್ಗದರ್ಶಿ ಶಿಕ್ಷಕರಿಗೆ ತಿಳಿಸಲೇ ಎಂದು ಅವನನ್ನೇ ಕೇಳಿದೆ. ಒಪ್ಪಿದ ಮೇಲೆ ತಿಳಿಸಿದೆ.

ಮಿತಿ

ಸಮಾಲೋಚನಾ ಮನೋವಿಜ್ಞಾನಿಯ ಕೆಲಸಕ್ಕೆ ವರ್ಷಗಳ ಓದು, ಮೇಲ್ವಿಚಾರಣೆಯ ತರಬೇತಿ ಬೇಕು. ಒಂದು ಪತ್ರಿಕೆ ಓದಿದ ನಾವು ಆ ಕೆಲಸಕ್ಕೆ ಇಳಿಯಬಾರದು. ಮಗು ಬದುಕುವ ಆಸೆ ಇಲ್ಲವೆಂದರೆ, ಹಿಂಸೆಯ ಸುಳಿವು ಕೊಟ್ಟರೆ, ಗುಟ್ಟಾಗಿಡುವ ಮಾತು ಕೊಡದೆ ಮುಖ್ಯೋಪಾಧ್ಯಾಯರಿಗೂ ತಜ್ಞರಿಗೂ ತಿಳಿಸಬೇಕು. ಮಾನಸಿಕ ನೆರವಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ.

ಉಪಸಂಹಾರ

ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿ ಚಟುವಟಿಕೆ ಎಂದು ಎರಡು ಅಂಕಣ ಹಾಕುತ್ತೇವೆ. ಮಗುವಿನೊಂದಿಗೆ ಮಾತಾಡಿದ ದಿನವೂ ದಿನಚರಿಯಲ್ಲಿ ಅದೇ ಎರಡು ಅಂಕಣ ಹಾಕಿ, ಯಾರ ಮಾತು ಎಷ್ಟು ಎಂದು ಬರೆದು ನೋಡಬಹುದು. ನನ್ನ ಎರಡನೇ ಮಾತುಕತೆಯಲ್ಲಿ ಅವನ ಅಂಕಣವೇ ಉದ್ದವಾಗಿತ್ತು.