ಶ್ವಾಸಕೋಶದ ದ್ವಾರಪಾಲಕರು

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆಯೆಂಬುದನ್ನು ವಿದ್ಯಾರ್ಥಿನಿಯರು ಪಾಠದಲ್ಲಿ ಓದಿರುವರು. ಪ್ರತಿಯೊಂದು ಜೀವಕೋಶದ ಸುತ್ತಲೂ ಜಿಡ್ಡಿನ ತೆಳುವಾದ ಪೊರೆಯೊಂದುಂಟು. ಉಪ್ಪು ಎಣ್ಣೆಯಲ್ಲಿ ಕರಗದಿರುವಂತೆಯೇ, ನೀರಿನಲ್ಲಿ ಕರಗಿದ ಉಪ್ಪಿನ ಕಣಗಳು ಈ ಪೊರೆಯನ್ನು ತಾವಾಗಿ ದಾಟಲಾರವು. ಆದುದರಿಂದ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನ ಬಾಗಿಲುಗಳು ಇಡಲ್ಪಟ್ಟಿವೆ. ಕೆಲವು ಕೆರೆಯ ತೂಬಿನಂತೆ ತೆರೆದು ಮುಚ್ಚುವುವು. ಕೆಲವು ಅಂಬಿಗನಂತೆ ಕಣಗಳನ್ನು ಈಚೆಯಿಂದ ಆಚೆಗೆ ಸಾಗಿಸುವುವು.

ಇಷ್ಟು ಸಣ್ಣ ಬಾಗಿಲು ಕೆಟ್ಟರೇನೆಂದು ಉಪೇಕ್ಷಿಸಬಾರದು. ಇಂಥ ಒಂದೇ ಬಾಗಿಲಿನ ದೋಷದಿಂದ ಎಷ್ಟೋ ಮಕ್ಕಳು ಶಾಲೆಯ ಹೊಸ್ತಿಲನ್ನು ಮೆಟ್ಟುವ ಮೊದಲೇ ತೀರಿಹೋಗುತ್ತಿದ್ದ ಕಾಲವೊಂದಿತ್ತು.

1938ನೆಯ ಇಸವಿಯಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊತಿ ಆಂಡರ್ಸನ್ ಎಂಬವರು ಮೃತಶಿಶುಗಳ ಅವಯವಗಳನ್ನು ಪರೀಕ್ಷಿಸಿ, ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಪ್ರತ್ಯೇಕ ರೋಗವೆಂದು ವಿವರಿಸಿದರು. 1948ರ ಬೇಸಗೆಯಲ್ಲಿ ಆ ನಗರದ ಉರಿಬಿಸಿಲಿಗೆ ಈ ರೋಗದ ಮಕ್ಕಳೇ ಹೆಚ್ಚಾಗಿ ಬಳಲಿ ಬಿದ್ದರು. ಅವರ ಬೆವರಿನಲ್ಲಿ ಉಪ್ಪು ಮಿತಿಮೀರಿದೆಯೆಂದು 1953ರಲ್ಲಿ ತೋರಿಸಲ್ಪಟ್ಟಿತು. ಮಗುವಿಗೆ ಮುತ್ತಿಟ್ಟ ತಾಯಿಯ ತುಟಿಗೆ ಉಪ್ಪು ಹತ್ತುವುದು ಇದರಿಂದಲೇ. ಕೊನೆಗೆ 1989ರಲ್ಲಿ, 7ನೆಯ ಕ್ರೋಮೋಸೋಮಿನಲ್ಲಿರುವ ದೋಷದ ಜೀನು ಕಂಡುಹಿಡಿಯಲ್ಪಟ್ಟಿತು. ಆ ಜೀನು ರಚಿಸುವ ಬಾಗಿಲಿಗೆ ಸಿ.ಎಫ್.ಟಿ.ಆರ್. ಎಂದು ಹೆಸರು.

ಆರೋಗ್ಯವುಳ್ಳ ಶ್ವಾಸನಾಳದಲ್ಲಿ ಈ ಬಾಗಿಲಿನಿಂದ ಕ್ಲೋರೈಡು ಹೊರಬರುವುದು. ಅದರ ಹಿಂದೆ ನೀರೂ ಬರುವುದು. ಆಗ ಲೋಳೆಯು ತೆಳುವಾಗಿದ್ದು, ಸೂಕ್ಷ್ಮವಾದ ರೋಮಗಳು ಧೂಳನ್ನೂ ಕ್ರಿಮಿಗಳನ್ನೂ ಮೇಲಕ್ಕೆ ಗುಡಿಸಿ ಹಾಕುವುವು. ಬಾಗಿಲಿಲ್ಲದಿದ್ದರೆ ಲೋಳೆಯು ಅಂಟಿನಂತೆ ಗಟ್ಟಿಯಾಗಿ, ಕ್ರಿಮಿಗಳು ಅಲ್ಲಿಯೇ ನೆಲಸಿ ಶ್ವಾಸಕೋಶವನ್ನು ಕೆಡಿಸುವುವು. ಈ ಪ್ರೋಟೀನಿನಲ್ಲಿ 1480 ಅಮೈನೋ ಆಮ್ಲಗಳುಂಟು. ಹೆಚ್ಚಿನ ರೋಗಿಗಳಲ್ಲಿ 508ನೆಯ ಸ್ಥಾನದ ಒಂದೇ ಒಂದು ಇಲ್ಲದಿರುವುದರಿಂದ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ, ಪೊರೆಯನ್ನು ಸೇರುವ ಮೊದಲೇ ಜೀವಕೋಶವು ಅದನ್ನು ನಾಶಮಾಡುವುದು.

ಪೊರೆಯನ್ನು ಸೇರಿಯೂ ತೆರೆಯದ ಬಾಗಿಲನ್ನು ತೆರೆಯುವ ಐವಾಕಾಫ್ಟರ್ ಎಂಬ ಔಷಧವು 2012ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. 2019ರಲ್ಲಿ ಮೂರು ಔಷಧಗಳ ಕೂಟವು ಬಂದಿತು: ಎರಡು ಪ್ರೋಟೀನನ್ನು ಸರಿಯಾಗಿ ಮಡಿಚಿ ಪೊರೆಗೆ ಮುಟ್ಟಿಸುವುವು, ಮೂರನೆಯದು ತೆರೆಯುವುದು. ಜೀನಿನ ದೋಷವು ಹಾಗೆಯೇ ಉಳಿಯುವುದರಿಂದ ಇವುಗಳನ್ನು ದಿನವೂ ಸೇವಿಸಬೇಕು. ಬೆಲೆಯು ಅತಿ ಹೆಚ್ಚಾಗಿರುವುದರಿಂದ ಅನೇಕ ಬಡಮಕ್ಕಳಿಗೆ ಇವು ಇನ್ನೂ ಎಟುಕಿಲ್ಲವೆಂಬುದು ದುಃಖದ ಸಂಗತಿ.

ಬಾಗಿಲುಗಳು ಔಷಧವನ್ನು ಒಳಗೆ ಸಾಗಿಸುವುದೂ ಉಂಟು. ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್ ಔಷಧವು ಶ್ವಾಸನಾಳದ ಒಳಪದರವನ್ನು ದಾಟಿ ಅದರ ಕೆಳಗಿನ ಸ್ನಾಯುವನ್ನು ಮುಟ್ಟಬೇಕು. ಅದರ ಕಣಗಳು ಹೆಚ್ಚಾಗಿ ಧನ ವಿದ್ಯುದಂಶವುಳ್ಳವಾದ್ದರಿಂದ ಜಿಡ್ಡಿನ ಪೊರೆಯನ್ನು ಸುಲಭವಾಗಿ ದಾಟಲಾರವು. ಇಂಥ ಕಣಗಳನ್ನು ಹೊರುವ ಸಾಗಣೆಯ ಪ್ರೋಟೀನುಗಳು ಅದಕ್ಕೆ ನೆರವಾಗುವುವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಔಷಧವು ಮೊದಲು ಒಳಪದರವನ್ನು ಮುಟ್ಟಬೇಕಷ್ಟೆ. ಆದುದರಿಂದ ಸೇದಿದ ಮೇಲೆ 10 ಸೆಕೆಂಡುಗಳಷ್ಟು ಉಸಿರನ್ನು ಹಿಡಿಯಬೇಕು.

ಇದನ್ನರಿತ ಬಳಿಕ, ಉಬ್ಬಸವುಳ್ಳ ಹುಡುಗಿಯು ತನ್ನ ಔಷಧವನ್ನು ನಾಚಿಕೆಯಿಂದ ಚೀಲದಲ್ಲಿ ಬಚ್ಚಿಡಬೇಕಾಗಿಲ್ಲ; ಆಕೆಯನ್ನು ಕಂಡು ನಗುವ ಅಜ್ಞಾನವೂ ನಮ್ಮ ಶಾಲೆಯಲ್ಲಿ ಇರಬಾರದು.