ಕಣ್ಣಿಗೆ ಕಾಣದ ಕೊರತೆಗಳು

ವಿಶೇಷ ಶಿಕ್ಷಣ ಹೊಂದುವ ಮಕ್ಕಳು ಎಂದೊಡನೆ ಕಣ್ಣು ಕಾಣದವರೂ ಕಿವಿ ಕೇಳದವರೂ ನಮ್ಮ ಮನಸ್ಸಿಗೆ ಬರುತ್ತಾರೆ. ಆದರೆ ಲೆಕ್ಕವು ಬೇರೊಂದನ್ನು ತೋರಿಸುತ್ತದೆ.

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೊರತೆಯುಳ್ಳ ಮಕ್ಕಳಿಗೆ ಶುಲ್ಕವಿಲ್ಲದೆ ತಕ್ಕ ಶಿಕ್ಷಣ ಕೊಡಬೇಕೆಂಬ ಕಾನೂನು 1975ರಲ್ಲಿ ಆಯಿತು. 2022-23ರಲ್ಲಿ 3ರಿಂದ 21 ವರುಷದೊಳಗಿನ ಸುಮಾರು 75 ಲಕ್ಷ ಮಂದಿ ಅದನ್ನು ಹೊಂದಿದರು. ಅವರೊಳಗೆ ನೂರಕ್ಕೆ 32 ಮಂದಿಯ ಮುಖ್ಯ ಕೊರತೆಯು ಕಲಿಕೆಯ ನ್ಯೂನತೆ. ಅಂದರೆ ಬುದ್ಧಿಯಿದ್ದರೂ ಓದು, ಬರಹ ಇಲ್ಲವೆ ಲೆಕ್ಕವು ಹತ್ತದಿರುವುದು. 19 ಮಂದಿಗೆ ಮಾತಿನ ಅಥವಾ ಭಾಷೆಯ ತೊಡಕು; 15 ಮಂದಿಗೆ ಮೂರ್ಛೆರೋಗ, ಗಮನ ನಿಲ್ಲದಿರುವುದು ಮೊದಲಾದವುಗಳು; 13 ಮಂದಿಗೆ ಆಟಿಸಂ. ಕಿವಿಯ ಕೊರತೆಯವರು ನೂರಕ್ಕೆ ಒಬ್ಬರಷ್ಟೇ. ಕಣ್ಣಿನ ಕೊರತೆಯವರು ಅದಕ್ಕಿಂತಲೂ ಕಡಿಮೆ.

ಹೀಗೆ ಹೆಚ್ಚಿನ ಕೊರತೆಗಳು ನೋಡಿದೊಡನೆ ತಿಳಿಯತಕ್ಕವುಗಳಲ್ಲ. ನಮ್ಮ ದೇಶದ 1995ರ ಕಾನೂನು ಹೆಸರಿಸಿದ 7 ನ್ಯೂನತೆಗಳೊಳಗೆ ಕಲಿಕೆಯ ನ್ಯೂನತೆಯು ಇರಲಿಲ್ಲ. 2016ರ ಕಾನೂನು ಹೆಸರಿಸಿದ 21ರೊಳಗೆ ಅದು ಸೇರಿತು.

ಆದಕಾರಣ, ಎಷ್ಟು ತಿದ್ದಿದರೂ ಅಕ್ಷರ ತಪ್ಪುವ ಮಗುವನ್ನು ಸೋಮಾರಿಯೆಂದು ಹೊಡೆಯುವ ಮುಂಚೆ ನಾವು ಕೈಯನ್ನು ತಡೆಯೋಣ. ಪೆಟ್ಟಿನಿಂದ ಈ ಕೊರತೆಯು ಹೋಗದು. ಕಲಿಯುವ ಆಸೆಯು ಹೋದೀತು. ಮೊದಲು ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸೋಣ; ಉಪಾಧ್ಯಾಯರೊಡನೆ ಮಾತಾಡೋಣ. ಅಕ್ಷರವನ್ನೂ ಅದರ ಧ್ವನಿಯನ್ನೂ ಜೊತೆಯಾಗಿ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕಲಿಸಿದರೆ ಇಂಥ ಮಕ್ಕಳಲ್ಲಿ ಅನೇಕರು ಓದಬಲ್ಲವರಾಗುತ್ತಾರೆ. ನಮ್ಮ ಮನೆಯಲ್ಲಿಯೂ ನೆರೆಮನೆಯಲ್ಲಿಯೂ ಅಂಥ ಮಗುವು ಇದ್ದೀತೋ ನೋಡೋಣ.